ಹಳೇ ಟೇಬಲ್ ಸಾ ತಂದಿದ್ದೀರಾ? ಮರ ಮುಟ್ಟುವ ಮೊದಲು ಬ್ಲೇಡ್ ನೇರ ಮಾಡಿ

ಟೇಬಲ್ ಸಾ, ಅಂದರೆ ಟೇಬಲ್ಲಿನ ಸಂದಿನಿಂದ ಮೇಲೆದ್ದ ದುಂಡು ಬ್ಲೇಡಿಗೆ ಹಲಗೆ ತಳ್ಳಿ ಕೊಯ್ಯುವ ಮಷಿನ್, ಮನೆಗೆ ಬಂದ ದಿನವೇ ಮರ ಕೊಯ್ಯಬೇಡಿ. ಈ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ, ಕೇಳಿದವರು ಮಾತ್ರ ಕಡಿಮೆ.

ಕಳೆದ ಮಳೆಗಾಲಕ್ಕೆ ಮುಂಚೆ ತೀರ್ಥಹಳ್ಳಿ ಹತ್ತಿರದ ಒಬ್ಬ ಸ್ನೇಹಿತರು ಹಳೇ ಮಷಿನ್ ತಂದರು. ಸಂಜೆ ಇಳಿಸಿದರು, ಬೆಳಿಗ್ಗೆ ಹಲಸಿನ ಹಲಗೆ ಇಟ್ಟು ಸ್ವಿಚ್ ಒತ್ತಿದರು. ಅರ್ಧ ಹೋಗುವಷ್ಟರಲ್ಲಿ ಹಲಗೆ ಬ್ಲೇಡಿನ ಹಿಂದಿನಿಂದ ಎದ್ದು, ಅವರ ಸೊಂಟದ ಪಕ್ಕದಿಂದ ಹಾರಿ, ಕೊಟ್ಟಿಗೆಯ ಮಣ್ಣಿನ ಗೋಡೆಗೆ ಬಡಿಯಿತು. ಗೋಡೆಯಲ್ಲಿ ಎರಡು ಬೆರಳು ಆಳದ ಗುಂಡಿ. ನಾನು ಹೋಗಿ ಆ ಹಲಗೆ ತಿರುಗಿಸಿ ನೋಡಿದೆ. ಅಡಿಭಾಗದಲ್ಲಿ ಅರ್ಧಚಂದ್ರದ ಹಾಗೆ ಬಾಗಿದ ಒಂದು ಗೀರು. ಬ್ಲೇಡಿನ ಹಿಂದಿನ ಹಲ್ಲು ಮರವನ್ನು ಎತ್ತಿ ಎಸೆದ ಗುರುತು ಅದು. ಅಳತೆ ಮಾಡಿದರೆ ಬ್ಲೇಡಿನ ಹಿಂಭಾಗ ಫೆನ್ಸಿನ (ಸೀಳುವಾಗ ಹಲಗೆ ಆನಿಸಿ ತಳ್ಳುವ ಪಕ್ಕದ ಪಟ್ಟಿ) ಕಡೆಗೆ ಒಂದೂವರೆ ಮಿ.ಮೀ. ವಾಲಿತ್ತು. ಮಷಿನ್ ಚೆನ್ನಾಗೇ ಇತ್ತು. ಲಾರಿಯಲ್ಲಿ ಕುಲುಕಿಕೊಂಡು ಬಂದಿದ್ದನ್ನು ಯಾರೂ ಸರಿ ಮಾಡಿರಲಿಲ್ಲ, ಅಷ್ಟೇ.

10 ಇಂಚಿನ ಬ್ಲೇಡ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲಿನ ತುದಿಯ ವೇಗ ಗಂಟೆಗೆ ಸುಮಾರು 190 ಕಿ.ಮೀ. ಮುಂದಿನ ಹಲ್ಲು ಮರವನ್ನು ಟೇಬಲ್ಲಿಗೆ ಒತ್ತುತ್ತದೆ. ಹಿಂದಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಬಂದು ನಿಮ್ಮ ಕಡೆ ಎಸೆಯುತ್ತದೆ. ಮರ ಆ ಹಿಂದಿನ ಹಲ್ಲಿಗೆ ತಾಗಲೇಬಾರದು. ಕೆಳಗೆ ಹೇಳುವ ಕೆಲಸ ಎಲ್ಲ ಇದಕ್ಕಾಗಿಯೇ.

ಹೆಜ್ಜೆ 1: ಕೊಳ್ಳುವ ಮುಂಚೆ

ಶಿವಮೊಗ್ಗದಲ್ಲಿ ಗುಜರಿಗೆ ಬಂದ ಮಷಿನ್, ಮಾಚೇನಹಳ್ಳಿ ಕಡೆ ಮುಚ್ಚಿದ ಶೆಡ್ಡಿನ ಮಷಿನ್, ಕೆಲಸ ಬಿಟ್ಟ ಆಚಾರಿಗಳ ಮಷಿನ್, ಎಲ್ಲಿಂದ ಬೇಕಾದರೂ ತನ್ನಿ. ಮೇಲಿನ ತುಕ್ಕು ನೋಡಿ ಹೆದರಬೇಡಿ, ಅದು ಉಜ್ಜಿದರೆ ಹೋಗುತ್ತದೆ. ನೋಡಬೇಕಾದ್ದು ಬ್ಲೇಡ್ ಕೂರುವ ಶಾಫ್ಟ್. ಪ್ಲಗ್ ತೆಗೆಸಿ, ಬ್ಲೇಡನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಬೇರಿಂಗ್ ಹೋಗಿದೆ. ಬೇರಿಂಗ್ ಹಾಕಿಸಬಹುದು, ಆದರೆ ಶಾಫ್ಟೇ ಬಾಗಿದ್ದರೆ ಬಿಟ್ಟು ಬನ್ನಿ. ಆಮೇಲೆ ಮೋಟರಿನ ನೇಮ್‌ಪ್ಲೇಟ್ ಓದಿ. 415 ವೋಲ್ಟ್ ಅಂತ ಇದ್ದರೆ ತ್ರೀ ಫೇಸ್, ಮನೆಯ 230 ವೋಲ್ಟಿಗೆ ಸುಮ್ನೆ ಸಿಕ್ಕಿಸಿದರೆ ಓಡುವುದಿಲ್ಲ. ಅಡಿಕೆ ತೋಟದ ಪಂಪ್‌ಸೆಟ್ ಲೈನಿನಿಂದ ಎಳೆಯೋಣ ಅನ್ನುವವರೂ ಇದ್ದಾರೆ. ಅದು ನೀರಾವರಿಗೆ ಅಂತ ಕೊಟ್ಟ ಕನೆಕ್ಷನ್, ಆ ಯೋಚನೆ ಬಿಟ್ಟುಬಿಡಿ. ಮೋಟರ್ ಗುಂಯ್ ಅಂದು ತಿರುಗದೇ ಇದ್ದರೆ ಮಾತ್ರ ಖುಷಿಪಡಿ. ಬಹಳ ಸಲ ಅದು ಕೆಪಾಸಿಟರ್ ತೊಂದರೆ, ಕೆಪಾಸಿಟರಿಗೆ ಮೋಟರಿನಷ್ಟು ದುಡ್ಡು ಬೇಕಿಲ್ಲ.

ನಮ್ಮ ಕಡೆ ಸಿಗುವ ಕಂಬೈನ್ಡ್ ಮಷಿನ್, ಅಂದರೆ ತೋಪಡ ಹೊಡೆಯುವ ಶಾಫ್ಟಿನ ತುದಿಗೇ ಬ್ಲೇಡ್ ಸಿಕ್ಕಿಸಿರುವುದು, ಮನೆಗೆ ಬೇಡ. ಅವುಗಳಲ್ಲಿ ಬ್ಲೇಡಿನ ಹಿಂದೆ ರೈವಿಂಗ್ ನೈಫ್, ಅಂದರೆ ಸೀಳಿದ ಮರ ಬ್ಲೇಡನ್ನು ಕಚ್ಚದಂತೆ ತಡೆಯುವ ತಗಡು, ಇದ್ದಿದ್ದನ್ನು ನಾನು ಕಂಡಿಲ್ಲ. 4 ಇಂಚಿನ ಮಾರ್ಬಲ್ ಕಟರನ್ನು ಪ್ಲೈವುಡ್ ಕೆಳಗೆ ತಲೆಕೆಳಗಾಗಿ ಬಿಗಿದು ಟೇಬಲ್ ಸಾ ಅನ್ನುವುದಂತೂ ಬೇಡವೇ ಬೇಡ.

ಹೆಜ್ಜೆ 2: ಜಾಗ

ಬ್ಲೇಡಿನ ಮುಂದೆ, ಹಿಂದೆ ಎರಡೂ ಕಡೆ ನೀವು ಸೀಳುವ ಅತಿ ಉದ್ದದ ಹಲಗೆಯಷ್ಟು ಜಾಗ ಬಿಡಿ, ರಸಮಟ್ಟ ಇಟ್ಟು ನಾಲ್ಕು ಕಾಲೂ ಕೂರಿಸಿ, ಮುಗಿಯಿತು.

ಹೆಜ್ಜೆ 3: ತುಕ್ಕು

ಸೀಮೆಎಣ್ಣೆ ಸಿಕ್ಕರೆ ಅದು, ಇಲ್ಲದಿದ್ದರೆ ಟರ್ಪೆಂಟೈನ್. 220 ನಂಬರಿನ ಎಮರಿ ಪೇಪರನ್ನು ಮರದ ತುಂಡಿಗೆ ಸುತ್ತಿ ಒಂದೇ ದಿಕ್ಕಿಗೆ ಉಜ್ಜಿ, ಆಮೇಲೆ 400. ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಟೇಬಲ್ ಉಜ್ಜಬೇಡಿ, ಅಲ್ಲಲ್ಲಿ ತಗ್ಗು ಬೀಳುತ್ತದೆ. ಕೊನೆಗೆ ಪೇಸ್ಟ್ ವ್ಯಾಕ್ಸ್ ಹಚ್ಚಿ, ಒಣಗಿದ ಮೇಲೆ ಬಟ್ಟೆಯಿಂದ ತಿಕ್ಕಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗಿ ಮರದ ಪುಡಿ ಹಿಡಿಯುತ್ತದೆ. ಸಿಲಿಕೋನ್ ಸ್ಪ್ರೇ ಇನ್ನೂ ಕೆಟ್ಟದ್ದು. ಅದು ಮರಕ್ಕೆ ತಾಗಿದರೆ ಆಮೇಲೆ ಪಾಲಿಶ್ ಹಿಡಿಯದೆ ಮೀನಿನ ಕಣ್ಣಿನ ಹಾಗೆ ಗುಳಿ ಗುಳಿ ಬೀಳುತ್ತದೆ. ಆಗುಂಬೆ, ಹೊಸನಗರದ ಕಡೆಯವರಿಗೆ ಹೇಳಬೇಕಿಲ್ಲ, ಆರಿದ್ರಾ ಮಳೆ ಹಿಡಿದರೆ ಬರೀ ಕಬ್ಬಿಣ ಒಂದೇ ರಾತ್ರಿಗೆ ಕೆಂಪಾಗುತ್ತದೆ. ಮಳೆಗಾಲದಲ್ಲಿ ನಾನು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚುತ್ತೇನೆ.

ಹೆಜ್ಜೆ 4: ಕರೆಂಟು

2 ಎಚ್‌ಪಿ ಮೋಟರ್ ಅಂದರೆ ಸುಮಾರು 1500 ವ್ಯಾಟ್. ಓಡುವಾಗ ಎಳೆಯುವುದಕ್ಕಿಂತ ಶುರುವಾಗುವಾಗ ಎಷ್ಟೋ ಪಟ್ಟು ಜಾಸ್ತಿ ಎಳೆಯುತ್ತದೆ. 16 ಆಂಪ್ಸ್ ಸಾಕೆಟ್, ಕಡಿಮೆ ಅಂದರೂ 2.5 ಚದರ ಮಿ.ಮೀ. ತಾಮ್ರದ ವೈರು, ಸರಿಯಾದ ಅರ್ತಿಂಗ್, ಇವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಮದುವೆಮನೆಯ ಸೀರಿಯಲ್ ಲೈಟಿಗೆ ಬಳಸುವಂಥ ತೆಳು ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸಿದರೆ ವೋಲ್ಟೇಜ್ ಬಿದ್ದು ಮೋಟರ್ ಸುಡುತ್ತದೆ.

ಇನ್ನೊಂದು ಖರ್ಚು ದಯವಿಟ್ಟು ಉಳಿಸಬೇಡಿ: ನೋ-ವೋಲ್ಟ್ ಸ್ವಿಚ್. ಹಸಿರು, ಕೆಂಪು ಎರಡು ಗುಂಡಿಯದ್ದು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗಿ ಬರುವುದು ಎಷ್ಟು ಸಲ ಅಂತ ನಿಮಗೇ ಗೊತ್ತು. ಹಳೇ ಮಷಿನ್ನಿನಲ್ಲಿ ಸಾದಾ ಸ್ವಿಚ್ ಇರುತ್ತದೆ. ಕರೆಂಟು ಹೋಯಿತು ಅಂತ ಆಫ್ ಮಾಡದೆ ಬ್ಲೇಡಿನ ಹತ್ತಿರ ಕೈ ಹಾಕಿ ಪುಡಿ ಕೆರೆಯುತ್ತಾ ಇರುತ್ತೀರಿ, ಅಷ್ಟರಲ್ಲಿ ಕರೆಂಟು ಬಂದರೆ? ನೋ-ವೋಲ್ಟ್ ಸ್ವಿಚ್ ಇದ್ದರೆ ಕರೆಂಟು ವಾಪಸ್ ಬಂದರೂ ಹಸಿರು ಗುಂಡಿ ಒತ್ತುವ ತನಕ ಮಷಿನ್ ಏಳುವುದಿಲ್ಲ.

ಹೆಜ್ಜೆ 5: ಬ್ಲೇಡನ್ನು ಸ್ಲಾಟಿಗೆ ಸಮ ಮಾಡುವುದು

ಎಲ್ಲರೂ ಎಡವುವುದು ಇಲ್ಲೇ. ಫೆನ್ಸ್ ಬ್ಲೇಡಿಗೆ ಸಮ ಇದೆಯಾ ಅಂತ ನೋಡಿ ಸುಮ್ಮನಾಗುತ್ತಾರೆ. ಅದು ಉಲ್ಟಾ. ಟೇಬಲ್ಲಿನ ಮೇಲೆ ಬ್ಲೇಡಿನ ಪಕ್ಕದಲ್ಲಿ ಉದ್ದಕ್ಕೆ ಕಾಲುವೆಯಂಥ ಸ್ಲಾಟ್ ಇದೆಯಲ್ಲ, ಅದನ್ನು ಸರಿಸೋಕೆ ಆಗಲ್ಲ, ಟೇಬಲ್ಲಿನಲ್ಲೇ ಕೊರೆದಿದ್ದು. ಹಾಗಾಗಿ ಮೊದಲು ಬ್ಲೇಡ್ ಸ್ಲಾಟಿಗೆ ಸಮ ಆಗಬೇಕು, ಆಮೇಲೆ ಫೆನ್ಸ್ ಅದೇ ಸ್ಲಾಟಿಗೆ ಸಮ ಆಗಬೇಕು. ಈ ಕ್ರಮ ತಪ್ಪಿದರೆ ಫೆನ್ಸಿಗೆ ತಾಗಿಸಿ ಸೀಳಿದ್ದು ಸರಿ ಬಂದರೂ ಅಡ್ಡ ಕೊಯ್ದಿದ್ದು ಸುಟ್ಟು ಕಪ್ಪಾಗುತ್ತದೆ.

ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಟೇಬಲ್ಲಿನ ಮೇಲೇ ಇಡಿ. ಬ್ಲೇಡ್ ಬಿಚ್ಚಿ, ಅದು ಒರಗಿ ಕೂರುವ ಫ್ಲಾಂಜ್ ಒರೆಸಿ. ಅಲ್ಲಿ ಒಂದು ಚೂರು ಪುಡಿ ಇದ್ದರೂ ಬ್ಲೇಡಿನ ಅಂಚು ತೂಗಾಡುತ್ತದೆ. ಬ್ಲೇಡ್ ಮತ್ತೆ ಹಾಕಿ ಪೂರ್ತಿ ಮೇಲಕ್ಕೆ ಎತ್ತಿ.

ಈಗ ಮೈಟರ್ ಗೇಜಿಗೆ (ಅಡ್ಡ ಕೊಯ್ಯುವಾಗ ಮರ ಆನಿಸಿ ಸ್ಲಾಟಿನಲ್ಲಿ ತಳ್ಳುವ ಸಾಧನ) ಒಂದು ಒಣ ರೀಪು ಬಿಗಿಯಿರಿ, ಬ್ಲೇಡಿನ ಎಡಗಡೆಯ ಸ್ಲಾಟಿನಲ್ಲಿಡಿ. ರೀಪಿನ ತುದಿಗೆ, ಬ್ಲೇಡಿನ ಕಡೆ ಮುಖ ಮಾಡಿ, ಒಂದು ಸ್ಕ್ರೂ ಹಾಕಿ. ಸ್ಕ್ರೂ ತಲೆಯೇ ನಿಮ್ಮ ಅಳತೆಗೋಲು. ಬ್ಲೇಡಿನ ಒಂದೇ ಒಂದು ಹಲ್ಲಿಗೆ ಮಾರ್ಕರಿನಿಂದ ಗುರುತು ಹಾಕಿ. ತುದಿಯ ಮೊನೆ ಎಡಗಡೆ ಇರುವ ಹಲ್ಲೇ ಆಗಿರಲಿ. ಆ ಹಲ್ಲನ್ನು ಮುಂದಕ್ಕೆ, ಟೇಬಲ್ಲಿನ ಮಟ್ಟಕ್ಕೆ ತನ್ನಿ. ಸ್ಕ್ರೂವನ್ನು ತಿರುಪುತ್ತಾ ಹೋಗಿ, ಬ್ಲೇಡನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿದರೆ ಹಲ್ಲು ಸ್ಕ್ರೂಗೆ ಸರ್ ಅಂತ ಸವರಿ ಹೋಗಬೇಕು. ಆ ಸದ್ದು ಕಿವಿಯಲ್ಲಿಟ್ಟುಕೊಳ್ಳಿ. ಗೇಜನ್ನು ಹಿಂದಕ್ಕೆ ತಳ್ಳಿ, ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ಆಡಿಸಿ. ಅದೇ ಸದ್ದು ಬಂದರೆ ಬ್ಲೇಡ್ ಸಮ ಇದೆ.

ಅದೇ ಹಲ್ಲು ಯಾಕೆ ಅಂದರೆ, ಸಾಮಾನ್ಯವಾಗಿ ಕಾರ್ಬೈಡ್ ಬ್ಲೇಡಿನಲ್ಲಿ ಹಲ್ಲಿನ ತುದಿಯನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಓರೆಯಾಗಿ ಮಸೆದಿರುತ್ತಾರೆ, ಬ್ಲೇಡಿನ ತಟ್ಟೆಯೂ ಸ್ವಲ್ಪ ಸೊಟ್ಟ ಇರಬಹುದು. ಬೇರೆ ಬೇರೆ ಹಲ್ಲು ಅಳೆದರೆ ನೀವು ಅಳೆದದ್ದು ಬ್ಲೇಡಿನ ಸೊಟ್ಟ, ಮಷಿನ್ನಿನದ್ದಲ್ಲ. ಮೈಟರ್ ಗೇಜ್ ಸ್ಲಾಟಿನಲ್ಲಿ ಅಲ್ಲಾಡುತ್ತಿದ್ದರೆ ಅಳೆಯುವಾಗಲೆಲ್ಲ ಒಂದೇ ಪಕ್ಕಕ್ಕೆ ಒತ್ತಿ ಹಿಡಿಯಿರಿ. ಹಳೇ ಗೇಜುಗಳೆಲ್ಲ ಅಲ್ಲಾಡುತ್ತವೆ.

ಹಿಂದೆ ಸದ್ದೇ ಇಲ್ಲ, ಸಂದು ಬಿಟ್ಟಿದೆ ಅನ್ನಿ. ಆಗ ಫೀಲರ್ ಗೇಜ್ ಬೇಕು. ಬೈಕ್ ಮೆಕ್ಯಾನಿಕ್ ವಾಲ್ವ್ ಸೆಟ್ ಮಾಡಲು ಬಳಸುವ ತೆಳು ತಗಡಿನ ಕಟ್ಟು ಅದೇ. ಡಯಲ್ ಗೇಜ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಸಂದಿನಲ್ಲಿ 0.1 ಮಿ.ಮೀ. ತಗಡು ಬಿಗಿಯಾಗಿ ಕೂತರೆ ಹಾಗೇ ಬಿಡಿ. 0.2 ದಾಟಿದರೆ ಸರಿಮಾಡಲೇಬೇಕು. ಎಡ ಸ್ಲಾಟಿನಿಂದ ಅಳೆದಾಗ ಹಿಂದೆ ಸಂದು ಇದೆ ಅಂದರೆ ಬ್ಲೇಡಿನ ಹಿಂಭಾಗ ಬಲಕ್ಕೆ, ಅಂದರೆ ಫೆನ್ಸಿನ ಕಡೆಗೆ ವಾಲಿದೆ. ನನ್ನ ಸ್ನೇಹಿತರ ಹಲಗೆ ಹಾರಿದ್ದು ಇದರಿಂದಲೇ.

ಟೇಬಲ್ಲಿನ ಕೆಳಗೆ ಬಗ್ಗಿ ನೋಡಿ. ಬ್ಲೇಡ್ ಮತ್ತು ಮೋಟರನ್ನು ಹೊತ್ತ ಎರಕದ ಚೌಕಟ್ಟನ್ನು ಟೇಬಲ್ಲಿಗೆ ಬಿಗಿದ ಬೋಲ್ಟ್ ಕಾಣುತ್ತವೆ, ಸಾಮಾನ್ಯವಾಗಿ ನಾಲ್ಕು. ದೊಡ್ಡ ಕ್ಯಾಬಿನೆಟ್ ಮಷಿನ್ನಿನಲ್ಲಿ ಚೌಕಟ್ಟು ಪೆಟ್ಟಿಗೆಗೆ ಬಿಗಿದಿರುತ್ತದೆ, ಅಲ್ಲಿ ಟೇಬಲ್ಲನ್ನೇ ಸರಿಸಬೇಕು. ಮೂರು ಬೋಲ್ಟ್ ಸಡಿಲ ಮಾಡಿ, ಮುಂದಿನ ಒಂದನ್ನು ಅರೆಬಿಗಿ ಬಿಡಿ, ಚೌಕಟ್ಟು ಅದರ ಮೇಲೆ ತಿರುಗಲಿ. ಮರದ ಸುತ್ತಿಗೆಯಿಂದ ಹಿಂಭಾಗಕ್ಕೆ ಮೆಲ್ಲಗೆ ತಟ್ಟಿ. ಕಬ್ಬಿಣದ ಸುತ್ತಿಗೆ ಮುಟ್ಟಬೇಡಿ, ಎರಕದ ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ಒಂದು ತಟ್ಟು, ಒಂದು ಅಳತೆ. ಸರಿ ಬಂತು ಅನಿಸಿದಾಗ ಬೋಲ್ಟುಗಳನ್ನು ಕರ್ಣದ ಕ್ರಮದಲ್ಲಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ ಮತ್ತೆ ಅಳೆಯಿರಿ. ಬಿಗಿ ಮಾಡುವಾಗಲೇ ಅದು ಕದಲುತ್ತದೆ. ನನಗೆ ಮೊದಲ ಸಲ ಇಡೀ ಮಧ್ಯಾಹ್ನ ಹಿಡಿದಿತ್ತು, ಹತ್ತು ಹನ್ನೆರಡು ಸಲ ಬಿಗಿ ಮಾಡಿ ಸಡಿಲಿಸಿದ್ದೇನೆ. ಸಿಟ್ಟು ಬಂದರೆ ಎದ್ದು ಒಂದು ಕಾಫಿ ಕುಡಿದು ಬನ್ನಿ. ಸಾಕು ಇಷ್ಟೇ ಅಂತ ಮಾತ್ರ ಬಿಡಬೇಡಿ.

ಆಮೇಲೆ ಬ್ಲೇಡನ್ನು 45 ಡಿಗ್ರಿಗೆ ವಾಲಿಸಿ ಇದೇ ಪರೀಕ್ಷೆ ಇನ್ನೊಮ್ಮೆ ಮಾಡಿ. ನೇರ ಇದ್ದಾಗ ಸರಿ, ವಾಲಿಸಿದಾಗ ತಪ್ಪು ಅಂದರೆ ಚೌಕಟ್ಟಿನ ಮುಂದೋ ಹಿಂದೋ ತೆಳು ತಗಡು ಕೊಡಬೇಕು. ಕೂಲ್‌ಡ್ರಿಂಕ್ಸ್ ಕ್ಯಾನಿನ ಗೋಡೆ ಸುಮಾರು 0.1 ಮಿ.ಮೀ. ದಪ್ಪ, ಕತ್ತರಿಯಲ್ಲಿ ಕತ್ತರಿಸಿದರೆ ಅದೇ ಸಾಕು.

ಹೆಜ್ಜೆ 6: ಫೆನ್ಸ್, 90 ಡಿಗ್ರಿ, ರೈವಿಂಗ್ ನೈಫ್

ಫೆನ್ಸನ್ನು ಬಲಗಡೆಯ ಸ್ಲಾಟಿನ ಅಂಚಿಗೆ ತಂದು ಬಿಗಿ ಮಾಡಿ, ಮುಂದೆ ಹಿಂದೆ ಬೆರಳಾಡಿಸಿ ನೋಡಿ. ಸಮ ಇರಲಿ, ಇಲ್ಲವೇ ಹಿಂದೆ ಒಂದು ಕಾಗದದಷ್ಟು ಬಲಕ್ಕೆ ಬಿಚ್ಚಿಕೊಂಡಿರಲಿ. ನನ್ನದು ಹಾಗೇ ಇದೆ. ಬ್ಲೇಡಿನ ಕಡೆಗೆ ಕೂದಲೆಳೆಯಷ್ಟೂ ಮುಚ್ಚಿಕೊಳ್ಳಬಾರದು. 90 ಡಿಗ್ರಿಗೆ ಮೂಲೆಮಟ್ಟವನ್ನು ಹಲ್ಲಿಗೆ ತಾಗಿಸದೆ ತಟ್ಟೆಗೆ ಆನಿಸಿ.

ರೈವಿಂಗ್ ನೈಫ್ ಅಂದರೆ ಬ್ಲೇಡಿನ ಹಿಂದೆಯೇ ನಿಂತು ಅದರ ಜತೆ ಏರಿ ಇಳಿಯುವ ತಗಡು. ಹಳೇ ಮಷಿನ್ನಿನಲ್ಲಿ ಬಹಳ ಸಲ ಅದೇ ಕಾಣೆಯಾಗಿರುತ್ತದೆ, ಅಡ್ಡ ಬರುತ್ತೆ ಅಂತ ಯಾರೋ ಬಿಚ್ಚಿ ಎಸೆದಿರುತ್ತಾರೆ. ಹುಡುಕಿಯೋ, ಲೇತಿನವರ ಹತ್ತಿರ ಅಳತೆ ಕೊಟ್ಟು ಮಾಡಿಸಿಯೋ ಹಾಕಿ. ದಪ್ಪ ಬ್ಲೇಡಿನ ತಟ್ಟೆಗಿಂತ ಸ್ವಲ್ಪ ಜಾಸ್ತಿ, ಹಲ್ಲು ಕೊಯ್ಯುವ ಅಗಲಕ್ಕಿಂತ ಸ್ವಲ್ಪ ಕಡಿಮೆ. ಹಲ್ಲಿನಿಂದ 8 ಮಿ.ಮೀ. ಒಳಗೇ ನಿಲ್ಲಬೇಕು. ಬ್ಲೇಡ್ ಎಷ್ಟೇ ನೇರ ಇದ್ದರೂ ಮರ ಕೇಳುವುದಿಲ್ಲ. ಅರೆ ಒಣಗಿದ ಹಲಸು, ಅಕೇಶಿಯ ಸೀಳುತ್ತಿದ್ದಂತೆ ಬಾಗಿ ಬ್ಲೇಡನ್ನು ಕಚ್ಚುತ್ತದೆ. ಆಗ ನಡುವೆ ನಿಂತು ತಡೆಯುವುದು ಈ ತಗಡು ಮಾತ್ರ.

ಬ್ಲೇಡ್ ಹೊಸದು ಕೊಳ್ಳಿ. ಮಷಿನ್ ಜತೆ ಬಂದ ಬ್ಲೇಡ್ ಹೊಳೆಯುತ್ತಿದ್ದರೂ ನಂಬಬೇಡಿ. ಉದ್ದಕ್ಕೆ ಸೀಳಲು 24 ಹಲ್ಲು, ಅಡ್ಡ ಕೊಯ್ಯಲು 60, ಒಂದೇ ಸಾಕು ಅಂದರೆ 40. ತೂತಿನ ಅಳತೆ ಅಳೆದುಕೊಂಡು ಅಂಗಡಿಗೆ ಹೋಗಿ, 25.4 ಮತ್ತು 30 ಮಿ.ಮೀ. ಎರಡೂ ಇವೆ. ಅಡಿಕೆ ದಬ್ಬೆಯನ್ನು ಈ ಒಳ್ಳೆಯ ಬ್ಲೇಡಿಗೆ ಕೊಡಬೇಡಿ, ಅದರಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ.

ಹೆಜ್ಜೆ 7: ಮೊದಲ ಕೊಯ್ತ

ಲುಂಗಿ, ಪಂಚೆ, ಉದ್ದ ತೋಳಿನ ಅಂಗಿ, ಕೈಗವಸು ಯಾವುದೂ ಬೇಡ. ಕಣ್ಣಿಗೆ ಕನ್ನಡಕ ಇರಲಿ. ಬ್ಲೇಡ್ ಮರಕ್ಕಿಂತ ಒಂದು ಹಲ್ಲಿನಷ್ಟು ಮೇಲೆ ಬರಲಿ ಸಾಕು. ಹಲಗೆಯ ನೇರಕ್ಕೆ ನಿಲ್ಲದೆ ಎಡಕ್ಕೆ ಸರಿದು ನಿಲ್ಲಿ, ಕೊನೆಯ ಒಂದು ಗೇಣನ್ನು ಕೈಯಲ್ಲಿ ಅಲ್ಲ, ತಳ್ಳುಕೋಲಿನಲ್ಲಿ ತಳ್ಳಿ.

ಒಣಗಿದ ಸಿಲ್ವರ್ ಓಕ್ ಹಲಗೆಯಿಂದ ಎರಡು ಅಡಿ ಉದ್ದದ ಪಟ್ಟಿ ಸೀಳಿ, ಎರಡೂ ತುದಿಯನ್ನು ಕ್ಯಾಲಿಪರಿನಲ್ಲಿ ಅಳೆಯಿರಿ. ಕೊಯ್ದ ಮುಖದ ಮೇಲೆ ಸುಟ್ಟ ಕಪ್ಪು ಇರಬಾರದು. ಅದೇ ಪಟ್ಟಿಯನ್ನು ಮಧ್ಯಕ್ಕೆ ಅಡ್ಡ ಕೊಯ್ದು, ಒಂದು ತುಂಡನ್ನು ಮಗುಚಿ ಹಾಕಿ ಎರಡನ್ನೂ ಟೇಬಲ್ಲಿನ ಮೇಲೆ ಕೂಡಿಸಿ, ಬೆಳಕಿಗೆ ಹಿಡಿದು ನೋಡಿ. 90 ಡಿಗ್ರಿಯಲ್ಲಿ ಎಷ್ಟು ತಪ್ಪಿದೆಯೋ ಅದರ ಎರಡರಷ್ಟು ಸಂದು ಕಾಣುತ್ತದೆ. ನನ್ನ ಮೊದಲ ಪಟ್ಟಿ ತಾರೀಕು ಬರೆದುಕೊಂಡು ಗೋಡೆಯ ಮೊಳೆಗೆ ನೇತಾಡುತ್ತಿದೆ. ಪ್ರತಿ ದೀಪಾವಳಿಗೆ, ಮಳೆ ಪೂರ್ತಿ ಬಿಟ್ಟ ಮೇಲೆ, ಹೊಸದೊಂದು ಸೀಳಿ ಅದರ ಪಕ್ಕ ಇಟ್ಟು ನೋಡುತ್ತೇನೆ. ವ್ಯತ್ಯಾಸ ಕಂಡರೆ ಮತ್ತೆ ಸ್ಕ್ರೂ, ಮತ್ತೆ ಮಾರ್ಕರ್, ಮತ್ತೆ ಐದನೇ ಹೆಜ್ಜೆ.