ಎದುರಾಳಿಯ ನೆಲದಲ್ಲಿ ನಮ್ಮ ತಂಡಕ್ಕೆ ಕೂಗಲು ಹೋಗುವುದಾದರೆ

ದೇಶದ ಫುಟ್‌ಬಾಲ್ ತಂಡದ ವೇಳಾಪಟ್ಟಿ ಬಂದ ದಿನವೇ ವಿಮಾನದ ಟಿಕೆಟ್ ತೆಗೆದುಬಿಡುವ ಉತ್ಸಾಹಿಗಳು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಈಗ ದರ ಕಡಿಮೆ ಇದೆ, ಆಮೇಲೆ ಏರುತ್ತದೆ ಅನ್ನೋದು ಅವರ ವಾದ. ಸುಳ್ಳೇನಲ್ಲ. ಆದರೆ ನಾನು ಮೊದಲು ನೋಡೋದು ಬೇರೆ: ಈ ಮ್ಯಾಚ್ ಅಲ್ಲೇ ನಡೆಯುತ್ತಾ? ನಡೆದರೂ ನಮ್ಮನ್ನು ಒಳಗೆ ಬಿಡ್ತಾರಾ?

ಇದು ಅತಿಯಾದ ಅನುಮಾನ ಅನ್ನಿಸಬಹುದು. ಅಂತರರಾಷ್ಟ್ರೀಯ ಫುಟ್‌ಬಾಲ್ ನೋಡುತ್ತಾ ಬಂದವರಿಗೆ ಹಾಗನ್ನಿಸಲ್ಲ. 2022ರ ಯುದ್ಧ ಶುರುವಾದ ಮೇಲೆ ಉಕ್ರೇನ್ ತನ್ನ ತವರಿನ ಪಂದ್ಯಗಳನ್ನು ಪೋಲೆಂಡ್‌ನಂಥ ಬೇರೆ ದೇಶಗಳಲ್ಲಿ ಆಡುತ್ತಿದೆ. ಬೆಲಾರುಸ್‌ನ ತವರಿನ ಪಂದ್ಯ ಹಂಗೇರಿಯಲ್ಲಿ ಖಾಲಿ ಕುರ್ಚಿಗಳ ಮುಂದೆ ನಡೆದದ್ದಿದೆ. 2019ರ ಅಕ್ಟೋಬರ್‌ನಲ್ಲಿ ದಕ್ಷಿಣ ಕೊರಿಯಾ ತಂಡ ಉತ್ತರ ಕೊರಿಯಾದ ಪ್ಯೊಂಗ್‌ಯಾಂಗ್‌ನಲ್ಲಿ ಆಡಿದಾಗ ಪ್ರೇಕ್ಷಕರೂ ಇರಲಿಲ್ಲ, ಟಿವಿಯಲ್ಲಿ ನೇರಪ್ರಸಾರವೂ ಇರಲಿಲ್ಲ. 2024ರ ಮಾರ್ಚ್‌ನಲ್ಲಿ ಜಪಾನ್ ಅಲ್ಲಿಗೇ ಹೋಗಬೇಕಿತ್ತು. ಇನ್ನೇನು ಕೆಲವೇ ದಿನ ಇದೆ ಅನ್ನುವಾಗ ಪಂದ್ಯ ರದ್ದಾಯಿತು, ಜಪಾನ್‌ಗೆ 3–0 ಗೆಲುವು ಕೊಟ್ಟರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಲಿಬಿಯಾಕ್ಕೆ ಹೊರಟ ನೈಜೀರಿಯಾ ತಂಡದ ವಿಮಾನವನ್ನು ಬೇರೆ ನಿಲ್ದಾಣಕ್ಕೆ ತಿರುಗಿಸಿದರು. ಗಂಟೆಗಟ್ಟಲೆ ಅಲ್ಲೇ ಕೂತ ಆಟಗಾರರು ಕೊನೆಗೆ ಆಡದೆ ವಾಪಸ್ ಹೋದರು. ಆಟಗಾರರ ಪಾಡೇ ಹೀಗಾದರೆ ನಮ್ಮದು ಕೇಳಬೇಕಾ?

ಹಾಗಾಗಿ ನನ್ನ ಕ್ರಮ ಹೀಗೆ. ಅಂತರರಾಷ್ಟ್ರೀಯ ಪಂದ್ಯಗಳ ದಿನಗಳನ್ನು ಫಿಫಾ ವರ್ಷಗಳ ಮುಂಚೆಯೇ ಪ್ರಕಟಿಸಿರುತ್ತದೆ. ಆ ವಾರಕ್ಕೆ ಆಫೀಸಿನಲ್ಲಿ ರಜೆ ಈಗಲೇ ಕೇಳಿಡುತ್ತೇನೆ. ರೂಮು ಕೂಡ ಬೇಗ, ಆದರೆ ದುಡ್ಡು ಕಳೆದುಕೊಳ್ಳದೆ ರದ್ದು ಮಾಡಬಹುದಾದದ್ದು ಮಾತ್ರ. ವಿಮಾನ? ಸ್ಟೇಡಿಯಂ, ದಿನ, ಕಿಕ್‌ಆಫ್ ಸಮಯ ಮೂರೂ ಅಧಿಕೃತವಾಗಿ ಪಕ್ಕಾ ಆದ ಮೇಲೆ. ನಾಲ್ಕು ಕಾಸು ಜಾಸ್ತಿ ಆಗುತ್ತೆ, ಆಗಲಿ. ಕಿಕ್‌ಆಫ್ ಸಮಯವನ್ನು ಅಲ್ಲಿನ ಗಡಿಯಾರದಲ್ಲೇ ಬರೆದುಕೊಳ್ಳಿ. ನಮ್ಮ ಫೋನಿನಲ್ಲಿ ತೋರಿಸುವ ದಿನವೂ ಅಲ್ಲಿನ ದಿನವೂ ಒಂದೇ ಆಗಿರಬೇಕು ಅಂತೇನಿಲ್ಲ.

ಮ್ಯಾಚ್ ಟಿಕೆಟ್

ಬಹುತೇಕ ಪಂದ್ಯಗಳಲ್ಲಿ ಪ್ರವಾಸಿ ತಂಡದ ಅಭಿಮಾನಿಗಳಿಗೆ ಅಂತ ಒಂದು ಪಾಲು ಟಿಕೆಟ್ ಬರುತ್ತದೆ. ಸಾಮಾನ್ಯವಾಗಿ ಅದು ಗೋಲಿನ ಹಿಂದಿನ ಮೂಲೆ, ಎರಡೂ ಬದಿ ಬೇಲಿ ಅಥವಾ ಸ್ಟುವರ್ಡ್‌ಗಳ, ಅಂದರೆ ಸ್ಟೇಡಿಯಂ ಕಾಯುವ ಸಿಬ್ಬಂದಿಯ ಸಾಲು. ಆಟ ನೋಡಲು ಸ್ಟೇಡಿಯಂನಲ್ಲೇ ಅತಿ ಕೆಟ್ಟ ಜಾಗ ಅಂದರೂ ನಡೆಯುತ್ತದೆ. ಎದುರುಗಡೆ ಆಗುವ ಗೋಲು ಯಾರು ಹೊಡೆದರು ಅಂತ ಪಕ್ಕದವರನ್ನು ಕೇಳಬೇಕಾಗುತ್ತದೆ. ಆದರೂ ಬೇಕಾದ್ದು ಅದೇ ಜಾಗ.

ಈ ಟಿಕೆಟ್ ಬರುವುದು ನಮ್ಮದೇ ಫುಟ್‌ಬಾಲ್ ಸಂಸ್ಥೆಯ ಮೂಲಕ, ಅಥವಾ ಅದು ಒಪ್ಪಿದ ಅಭಿಮಾನಿ ಬಳಗದ ಮೂಲಕ. ಇಂಗ್ಲೆಂಡ್, ಸ್ಕಾಟ್ಲೆಂಡ್, ಜರ್ಮನಿಯಲ್ಲಿ ಇದಕ್ಕೆ ಸದಸ್ಯತ್ವದ ವ್ಯವಸ್ಥೆಯೇ ಇದೆ. ಇಂಗ್ಲೆಂಡ್‌ನಲ್ಲಂತೂ ಹೆಚ್ಚು ಪಂದ್ಯಕ್ಕೆ ಹೋದವರಿಗೆ ಮುಂದಿನ ಸಲ ಮೊದಲ ಅವಕಾಶ. ಅಂದರೆ ದೊಡ್ಡ ಮ್ಯಾಚ್‌ಗೆ ಟಿಕೆಟ್ ಬೇಕಾದರೆ ಯಾರೂ ಹೋಗದ ಚಿಕ್ಕ ಮ್ಯಾಚ್‌ಗೆ ಮೊದಲು ಹೋಗಬೇಕು. ನನಗಿದು ಸರಿಯಾದ ನಿಯಮ ಅನ್ನಿಸುತ್ತದೆ. ಮಳೆಯಲ್ಲಿ ನೆನೆದು 0–0 ನೋಡಿದವನಿಗೆ ಫೈನಲ್ ಟಿಕೆಟ್ ಸಿಗಲಿ ಬಿಡಿ. ನಿಮ್ಮ ದೇಶದಲ್ಲಿ ಇಂಥ ಬಳಗ ಇದ್ದರೆ ಇವತ್ತೇ ಸೇರಿ, ಮ್ಯಾಚ್ ಘೋಷಣೆಯಾಗುವವರೆಗೆ ಕಾಯಬೇಡಿ.

ನಮ್ಮ ಪಾಲು ಮುಗಿದಿದೆ, ಆತಿಥೇಯರ ಸ್ಟ್ಯಾಂಡ್‌ನಲ್ಲಿ ಟಿಕೆಟ್ ಸಿಗುತ್ತಿದೆ, ತಗೊಳ್ಳಲಾ ಅಂತ ಕೇಳುವವರು ಬಹಳ. ನಾನು ಬೇಡ ಅಂತೀನಿ. ಎಷ್ಟೋ ಕಡೆ ಪ್ರವಾಸಿ ತಂಡದ ಜೆರ್ಸಿ ತೊಟ್ಟು ಆ ಗೇಟಿಗೆ ಹೋದರೆ ವಾಪಸ್ ಕಳಿಸುತ್ತಾರೆ. ಒಳಗೆ ಹೋದರೂ ಗೋಲು ಬಿದ್ದಾಗ ಬಾಯಿ ಮುಚ್ಚಿಕೊಂಡು ಕೂರಬೇಕು. ಅಷ್ಟು ದೂರ ಹೋಗಿ ಬಾಯಿ ಮುಚ್ಚಿಕೊಂಡು ಕೂರೋದಾದರೆ ಮನೆಯ ಸೋಫಾ ಸಾಕಲ್ವಾ?

ಕಾಳಸಂತೆ ಟಿಕೆಟ್ ಬಗ್ಗೆ ಒಂದೇ ಮಾತು. ಈಗ ಟಿಕೆಟ್ ಫೋನಿನಲ್ಲಿ ಬರುತ್ತದೆ. 2024ರ ಯುರೋ ಕಪ್‌ನಲ್ಲಿ ಸ್ಟೇಡಿಯಂ ಹತ್ತಿರ ಹೋದ ಮೇಲಷ್ಟೇ ಕ್ಯೂಆರ್ ಕೋಡ್ ಚಾಲೂ ಆಗುತ್ತಿತ್ತು. ಯಾರೋ ಕಳಿಸಿದ ಸ್ಕ್ರೀನ್‌ಶಾಟ್‌ಗೆ ದುಡ್ಡು ಕೊಟ್ಟರೆ ಕೈಯಲ್ಲಿ ಉಳಿಯುವುದು ಬರೀ ಚಿತ್ರ.

ವೀಸಾ

ವಿಶ್ವಕಪ್‌ನಂಥ ದೊಡ್ಡ ಕೂಟಗಳಲ್ಲಿ ಕೆಲವೊಮ್ಮೆ ದಾರಿ ಸುಲಭ. 2018ರಲ್ಲಿ ರಷ್ಯಾದ ಫ್ಯಾನ್ ಐಡಿ, 2022ರಲ್ಲಿ ಕತಾರ್‌ನ ಹಯ್ಯಾ ಕಾರ್ಡ್ ಇದ್ದರೆ ಬೇರೆ ವೀಸಾ ಬೇಕಿರಲಿಲ್ಲ. ಅದನ್ನು ನೋಡಿದವರು ಅರ್ಹತಾ ಪಂದ್ಯಕ್ಕೂ ಹಾಗೇ ಅಂದುಕೊಳ್ಳುತ್ತಾರೆ. ಇಲ್ಲ. ಅಲ್ಲಿ ನೀವು ಮಾಮೂಲಿ ಪ್ರವಾಸಿ, ಅಷ್ಟೇ.

ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಶೆಂಗೆನ್ ದೇಶಗಳಿಗೆ ವೀಸಾ ಬೇಕಾದವರು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ಕಡಿಮೆ ಇರುವಾಗ ಹಾಕುವ ಹಾಗಿಲ್ಲ. ಕನಿಷ್ಠ 30,000 ಯುರೋಗಳ ವೈದ್ಯಕೀಯ ವಿಮೆ ಬೇಕು. ಅಲ್ಲಿಂದ ಹೊರಡುವ ದಿನದ ನಂತರವೂ ಪಾಸ್‌ಪೋರ್ಟ್‌ಗೆ ಮೂರು ತಿಂಗಳ ಅವಧಿ ಉಳಿದಿರಬೇಕು. ಬೇರೆ ಎಷ್ಟೋ ದೇಶಗಳು ಆರು ತಿಂಗಳು ಕೇಳುತ್ತವೆ. ಹಳದಿ ಜ್ವರ ಇರುವ ದೇಶಕ್ಕೆ ಹೋಗುವುದಾದರೆ, ಅಥವಾ ಅಲ್ಲಿಂದ ಬರುವುದಾದರೆ, ಲಸಿಕೆ ಪತ್ರ ಬೇಕಾಗಬಹುದು. ಅದು ಲಸಿಕೆ ಹಾಕಿಸಿದ ಹತ್ತು ದಿನದ ನಂತರ ಮಾತ್ರ ಊರ್ಜಿತ, ಹಾಗಾಗಿ ಕೊನೆ ವಾರಕ್ಕೆ ಇಡಬೇಡಿ.

ಇಲ್ಲೊಂದು ವಿಷಯ ತುಂಬ ಜನ ಗಮನಿಸುವುದಿಲ್ಲ. ಅಂತರರಾಷ್ಟ್ರೀಯ ಪಂದ್ಯಗಳ ಒಂದೇ ವಾರದಲ್ಲಿ ತಂಡಕ್ಕೆ ಎರಡು ಹೊರಗಿನ ಪಂದ್ಯ ಇರಬಹುದು. ಗುರುವಾರ ಜರ್ಮನಿ, ಭಾನುವಾರ ಐರ್ಲೆಂಡ್, ವಾಪಸ್ ಜರ್ಮನಿಯಿಂದಲೇ ವಿಮಾನ ಅಂತಿಟ್ಟುಕೊಳ್ಳಿ. ಐರ್ಲೆಂಡ್ ಶೆಂಗೆನ್‌ನಲ್ಲಿಲ್ಲ. ಅಲ್ಲಿಗೆ ಬೇರೆಯೇ ವೀಸಾ, ಜೊತೆಗೆ ಜರ್ಮನಿಗೆ ಎರಡನೇ ಸಲ ಕಾಲಿಡಲು ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶವಿರುವ ಶೆಂಗೆನ್ ವೀಸಾ. ಅರ್ಜಿ ಹಾಕುವಾಗಲೇ ಇದನ್ನು ಕೇಳಿ ಪಡೆಯಿರಿ.

ಯಾವಾಗ ತಲುಪಬೇಕು

ಮ್ಯಾಚ್ ದಿನ ಬೆಳಗ್ಗೆ ಇಳಿಯುವ ಯೋಜನೆ ಬೇಡವೇ ಬೇಡ. ಎರಡು ರಾತ್ರಿ ಮುಂಚೆ ಅಲ್ಲಿರಿ. ಫ್ಯಾರೋ ದ್ವೀಪಗಳ ವಾಗರ್ ವಿಮಾನ ನಿಲ್ದಾಣದಲ್ಲಿ ಮಂಜು, ಗಾಳಿ ಜೋರಾದರೆ ವಿಮಾನ ಇಳಿಯುವುದೇ ಇಲ್ಲ. ಇಂಥ ಕಡೆ ಇನ್ನೊಂದು ದಿನ ಸೇರಿಸಿ.

ಎತ್ತರದ ಊರುಗಳ ಕತೆಯೇ ಬೇರೆ. ಬೊಲಿವಿಯಾದ ಲಾ ಪಾಜ್‌ನಲ್ಲಿರುವ ಹೆರ್ನಾಂಡೊ ಸಿಲೆಸ್ ಸ್ಟೇಡಿಯಂ ಸಮುದ್ರ ಮಟ್ಟದಿಂದ 3,600 ಮೀಟರ್‌ಗೂ ಮೇಲಿದೆ. 2009ರ ಏಪ್ರಿಲ್‌ನಲ್ಲಿ ಮೆಸ್ಸಿ ಇದ್ದ ಅರ್ಜೆಂಟೀನಾ ಅಲ್ಲಿ 6–1ರಿಂದ ಸೋತಿತು. 2024ರಲ್ಲಿ ಬೊಲಿವಿಯಾ ಇನ್ನೂ ಮೇಲಕ್ಕೆ, 4,000 ಮೀಟರ್ ದಾಟಿದ ಎಲ್ ಆಲ್ಟೊಗೆ ಅರ್ಹತಾ ಪಂದ್ಯಗಳನ್ನು ಒಯ್ದಿತು. ಪ್ರವಾಸಿ ತಂಡಗಳು ಎಷ್ಟೋ ಸಲ ಕಿಕ್‌ಆಫ್‌ಗೆ ಸ್ವಲ್ಪ ಮುಂಚೆ ಹತ್ತಿ ಹೋಗಿ, ಆಡಿ, ಅದೇ ರಾತ್ರಿ ಇಳಿದು ಬರುತ್ತವೆ. ಅವರಿಗೆ ವೈದ್ಯರಿದ್ದಾರೆ, ಆಮ್ಲಜನಕ ಇದೆ. ನಾವು ನಿಧಾನವಾಗಿ ಹತ್ತಬೇಕು. ಮೊದಲ ದಿನ ಸುಮ್ನೆ ಮಲಗಿ, ನೀರು ಕುಡಿಯಿರಿ, ಮದ್ಯ ಮುಟ್ಟಬೇಡಿ. ಹೃದಯದ ತೊಂದರೆ, ಉಸಿರಾಟದ ತೊಂದರೆ ಇರುವವರು ಹೊರಡುವ ಮುಂಚೆಯೇ ಡಾಕ್ಟರನ್ನು ಕಾಣಿ. ಆಟವಾಡೋದು ಬಿಡಿ, ಅಷ್ಟು ಎತ್ತರದಲ್ಲಿ ಸ್ಟ್ಯಾಂಡ್‌ನ ಮೆಟ್ಟಿಲು ಹತ್ತಿ ಎರಡು ಸಲ ಕೂಗಿದರೆ ಸಾಕು, ತಲೆ ಗಿರ್ ಅನ್ನುತ್ತದೆ.

ಬಾವುಟ, ಡ್ರಮ್ ಮತ್ತು ಒಂದು ಬಣ್ಣಗೆಟ್ಟ ಜಾಕೆಟ್

ಬಾವುಟ ಎಷ್ಟು ದೊಡ್ಡದಿರಬಹುದು ಅನ್ನೋದಕ್ಕೆ ಪ್ರತಿ ಸ್ಟೇಡಿಯಂನಲ್ಲೂ ನಿಯಮ ಇರುತ್ತದೆ. ಕತಾರ್ ವಿಶ್ವಕಪ್‌ನಲ್ಲಿ 2 ಮೀಟರ್‌ಗೆ 1.5 ಮೀಟರ್ ದಾಟಿದರೆ ಮೊದಲೇ ಅನುಮತಿ ಬೇಕಿತ್ತು. ನಾನು ಎಲ್ಲ ಕಡೆಗೂ ಇದೇ ಅಳತೆಯ ಬಾವುಟ ಒಯ್ಯುತ್ತೇನೆ. ನಾಲ್ಕು ಮೂಲೆಗೂ ಬಟ್ಟೆಯ ಲಾಡಿ ಹೊಲಿಸಿದ್ದೇನೆ. ಕಂಬಿಗೆ ಎರಡು ಗಂಟು ಹಾಕಿದರೆ ಮುಗಿಯಿತು, ಕತ್ತರಿ ಬೇಡ, ಟೇಪು ಬೇಡ. ಕೋಲು ಒಯ್ಯಲೇಬೇಡಿ, ಗೇಟಿನಲ್ಲೇ ಕಿತ್ತುಕೊಳ್ಳುತ್ತಾರೆ. ಪಟಾಕಿ, ಹೊಗೆ ಬತ್ತಿ ಬಗ್ಗೆ ಹೇಳಬೇಕಾಗಿಲ್ಲ. ಹಚ್ಚಿದವನೊಬ್ಬ, ದಂಡ ತೆರುವುದು ನಮ್ಮ ಫುಟ್‌ಬಾಲ್ ಸಂಸ್ಥೆ.

ಡ್ರಮ್‌ಗೆ ಬಹುತೇಕ ಕಡೆ ಮುಂಚೆಯೇ ಅನುಮತಿ ಬೇಕು. ನಮ್ಮ ಸಂಸ್ಥೆಯ ಅಭಿಮಾನಿ ಸಂಪರ್ಕ ಅಧಿಕಾರಿಗೆ ಬರೆದರೆ ಅವರು ಆತಿಥೇಯರಿಗೆ ಕಳಿಸುತ್ತಾರೆ. ಉತ್ತರವನ್ನು ಕಾಗದದಲ್ಲಿ ಅಚ್ಚು ಹಾಕಿಸಿಕೊಳ್ಳಿ. ನಮ್ಮ ಗುಂಪಿನ ಡ್ರಮ್ ಗೆಳೆಯನನ್ನು ಗೇಟಿನಲ್ಲಿ ಒಮ್ಮೆ ನೋಡಬೇಕು. ಸ್ಟುವರ್ಡ್ ಡ್ರಮ್ಮನ್ನು ತಿರುಗಿಸುತ್ತಾನೆ, ಅಲ್ಲಾಡಿಸುತ್ತಾನೆ, ಒಂದು ಬದಿಯ ಚರ್ಮ ಬಿಚ್ಚು ಅನ್ನುತ್ತಾನೆ. ಇವನು ಕೀಲಿ ತೆಗೆದು ಒಂದೊಂದೇ ತಿರುಪು ಸಡಿಲ ಮಾಡುತ್ತಾನೆ. ಸ್ಟುವರ್ಡ್ ಟಾರ್ಚ್ ಬಿಟ್ಟು ಒಳಗೆ ನೋಡುತ್ತಾನೆ. ಹಿಂದೆ ಇಡೀ ಸಾಲು ರಾಷ್ಟ್ರಗೀತೆ ತಪ್ಪಿಹೋಗುತ್ತೆ ಅಂತ ಗೊಣಗುತ್ತಿರುತ್ತದೆ. ಡ್ರಮ್ ಇರುವ ಗುಂಪು ಉಳಿದವರಿಗಿಂತ ಮುಕ್ಕಾಲು ಗಂಟೆ ಮೊದಲೇ ಗೇಟಿನಲ್ಲಿರಬೇಕು.

ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು. 100 ವ್ಯಾಟ್-ಅವರ್ ದಾಟಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಸ್ಟೇಡಿಯಂಗೆ ಬ್ಯಾಗ್ ಒಯ್ಯದಿರುವುದೇ ಒಳ್ಳೆಯದು. ಪಾಸ್‌ಪೋರ್ಟ್ ಮಾತ್ರ ಇರಲಿ, ಟಿಕೆಟ್‌ನಲ್ಲಿರುವ ಹೆಸರು ತಾಳೆ ನೋಡುವ ಕಡೆ ಅದಿಲ್ಲದೆ ಬಿಡಲ್ಲ. ಹೋಟೆಲಿನ ವಿಳಾಸವನ್ನು ಅಲ್ಲಿನ ಲಿಪಿಯಲ್ಲೇ ಒಂದು ಚೀಟಿಯಲ್ಲಿ ಬರೆಸಿ ಜೇಬಿಗೆ ಹಾಕಿಕೊಳ್ಳಿ.

ಇನ್ನು ಜಾಕೆಟ್. ಯಾವ ತಂಡದ ಬಣ್ಣವೂ ಅಲ್ಲದ, ಬೂದು ಬಣ್ಣದ್ದೋ ಕಪ್ಪು ಬಣ್ಣದ್ದೋ ಒಂದು ತೆಳು ಜಾಕೆಟ್ ಜೆರ್ಸಿಯ ಮೇಲೆ ಹಾಕಲು ಸದಾ ಜೊತೆಗಿರಲಿ. 2023ರ ಅಕ್ಟೋಬರ್ 16ರಂದು ಬ್ರಸೆಲ್ಸ್‌ನಲ್ಲಿ ಬೆಲ್ಜಿಯಂ–ಸ್ವೀಡನ್ ಪಂದ್ಯಕ್ಕೆ ಬಂದಿದ್ದ ಇಬ್ಬರು ಸ್ವೀಡಿಷ್ ಅಭಿಮಾನಿಗಳನ್ನು ಬಂದೂಕುಧಾರಿಯೊಬ್ಬ ಕೊಂದ. ಪಂದ್ಯ ವಿರಾಮದ ಹೊತ್ತಿಗೆ ನಿಂತಿತು. ಜನರನ್ನು ತಡರಾತ್ರಿಯವರೆಗೂ ಸ್ಟೇಡಿಯಂ ಒಳಗೇ ಇರಿಸಿದರು. ಇಂಥದ್ದು ಅಪರೂಪ, ಹೆದರಿ ಮನೆಯಲ್ಲೇ ಕೂರಿ ಅಂತಲ್ಲ. ಆದರೆ ಜೆರ್ಸಿ ಮುಚ್ಚಿಕೊಂಡು ನಡೆಯಬೇಕಾದ ರಾತ್ರಿ ಬಂದರೆ ಮುಚ್ಚಲು ಏನಾದರೂ ಇರಬೇಕು.

ಮ್ಯಾಚ್ ದಿನ

ಅಭಿಮಾನಿಗಳು ಸೇರುವ ಜಾಗವನ್ನು ಪೊಲೀಸರು ಅಥವಾ ಬಳಗದವರು ಮೊದಲೇ ತಿಳಿಸಿರುತ್ತಾರೆ. ಅಲ್ಲಿಗೇ ಹೋಗಿ, ಅಲ್ಲಿಂದ ಗುಂಪಿನ ಜೊತೆ ನಡೆಯಿರಿ. ಡಚ್ಚರು ಕಿತ್ತಳೆ ಬಣ್ಣದ ಡಬಲ್ ಡೆಕ್ಕರ್ ಬಸ್ಸಿನ ಹಿಂದೆ ಊರಿಗೆ ಊರನ್ನೇ ತುಂಬಿಕೊಂಡು ಹೋಗುವುದನ್ನು ನೀವು ನೋಡಿರಬಹುದು. ನಮ್ಮದು ಅಷ್ಟು ದೊಡ್ಡ ಗುಂಪಲ್ಲದಿದ್ದರೂ ಒಟ್ಟಿಗೆ ಹೋಗುವುದೇ ಕ್ಷೇಮ. ಟಿಕೆಟ್ ಜೊತೆ ಊರಿನ ಬಸ್ಸು ರೈಲು ಉಚಿತವಾ ನೋಡಿಕೊಳ್ಳಿ. 2024ರ ಯುರೋದಲ್ಲಿ 36 ಗಂಟೆಗಳ ಪಾಸ್ ಟಿಕೆಟ್ಟಿನ ಜೊತೆಗೇ ಬರುತ್ತಿತ್ತು.

ಗೇಟಿನಲ್ಲಿ ನೂಕುನುಗ್ಗಲು ಕಂಡರೆ ಪಕ್ಕಕ್ಕೆ ಸರಿಯಿರಿ. 2022ರ ಜನವರಿಯಲ್ಲಿ ಕ್ಯಾಮರೂನ್‌ನ ಯಾವುಂಡೆಯ ಒಲೆಂಬೆ ಸ್ಟೇಡಿಯಂ ಗೇಟಿನ ಕಾಲ್ತುಳಿತದಲ್ಲಿ ಎಂಟು ಮಂದಿ ಸತ್ತರು. 2024ರ ಕೋಪಾ ಅಮೆರಿಕ ಫೈನಲ್‌ನಲ್ಲಿ ಟಿಕೆಟ್ ಇಲ್ಲದವರು ನುಗ್ಗಿ ಆಟ ಒಂದು ಗಂಟೆಗೂ ಹೆಚ್ಚು ತಡವಾಯಿತು. ಮೊದಲ ಇಪ್ಪತ್ತು ನಿಮಿಷ ತಪ್ಪಿದರೆ ತಪ್ಪಲಿ.

ಒಳಗೆ ಹೋದ ಮೇಲೆ ಕೂರುವ ಆಸೆ ಬಿಡಿ. ಎಲ್ಲರೂ ನಿಂತಿರುತ್ತಾರೆ. ಮಕ್ಕಳನ್ನೋ ವಯಸ್ಸಾದವರನ್ನೋ ಕರೆತಂದಿದ್ದರೆ ಮುಂದಿನ ಸಾಲು ಬಿಡಿಸಿಕೊಡಿ ಅಂತ ಕೇಳಿ, ಪ್ರವಾಸಿ ಅಭಿಮಾನಿಗಳ ಸ್ಟ್ಯಾಂಡ್‌ನಲ್ಲಿ ಇದಕ್ಕೆ ಇಲ್ಲ ಅನ್ನುವವರನ್ನು ನಾನು ಕಂಡಿಲ್ಲ. ಕೂಗುವುದಕ್ಕೆ ಉದ್ದನೆಯ ಹಾಡು ಬೇಡ. ನಾಲ್ಕು ಪದ, ಮಧ್ಯೆ ಚಪ್ಪಾಳೆ, ಅಷ್ಟಿದ್ದರೆ ಹೊಸಬರೂ ಎರಡನೇ ಸಲಕ್ಕೆ ಸೇರಿಕೊಳ್ಳುತ್ತಾರೆ. ನಾವು ಇನ್ನೂರು ಜನ, ಅವರು ನಲವತ್ತು ಸಾವಿರ ಆದರೆ ಅವರ ಜೊತೆ ಪೈಪೋಟಿಗೆ ಇಳಿಯಬೇಡಿ. ಅವರು ಉಸಿರು ತೆಗೆದುಕೊಳ್ಳುವ ಹೊತ್ತು ಕಾಯಿರಿ. ಎದುರಾಳಿಯ ಕೀಪರ್ ಚೆಂಡು ಇಟ್ಟು ಹಿಂದೆ ಸರಿಯುವಾಗ ಇಡೀ ಸ್ಟೇಡಿಯಂ ಒಂದು ಕ್ಷಣ ತಣ್ಣಗಾಗುತ್ತದೆ. ಆಗ ಇನ್ನೂರು ಗಂಟಲು ಒಟ್ಟಿಗೆ ಕೂಗಿದರೆ ಮೈದಾನದ ಆ ತುದಿಗೂ ಕೇಳುತ್ತದೆ, ನಮ್ಮ ಆಟಗಾರರು ತಿರುಗಿ ನೋಡುತ್ತಾರೆ.

ಕಸದ ಚೀಲ ಒಂದೆರಡು ಜೇಬಿನಲ್ಲಿರಲಿ. ಜಪಾನ್ ಅಭಿಮಾನಿಗಳು 1998ರ ವಿಶ್ವಕಪ್‌ನಿಂದಲೇ ಆಟ ಮುಗಿದ ಮೇಲೆ ತಮ್ಮ ಸ್ಟ್ಯಾಂಡ್ ಗುಡಿಸಿ ಹೋಗುತ್ತಾರೆ. ಅವರ ಉಪಾಯ ಚೆನ್ನಾಗಿದೆ: ಆಟ ನಡೆಯುವಾಗ ನೀಲಿ ಚೀಲಕ್ಕೆ ಗಾಳಿ ಊದಿ ಬೀಸುವುದು, ಮುಗಿದ ಮೇಲೆ ಅದರಲ್ಲೇ ಕಸ ತುಂಬುವುದು.

ಗುಡಿಸಲು ಪುರುಸೊತ್ತೂ ಇರುತ್ತದೆ. ಕೊನೆ ಸೀಟಿ ಊದಿದ ಮೇಲೆ ಆತಿಥೇಯರ ಜನ ಚದುರುವವರೆಗೆ ನಮ್ಮನ್ನು ಒಳಗೇ ನಿಲ್ಲಿಸುವುದು ಮಾಮೂಲಿ. ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ. ಗೆದ್ದಿದ್ದರೆ ಅದು ಹಬ್ಬ, ಸೋತಿದ್ದರೆ ಚಳಿ ಜಾಸ್ತಿ. ತಿಂಡಿ ಅಂಗಡಿ ಮುಚ್ಚಿರುತ್ತದೆ, ಶೌಚಾಲಯದ ಮುಂದೆ ಸಾಲು. ಹಾಗಾಗಿ ಎಂಬತ್ತನೇ ನಿಮಿಷಕ್ಕೇ ನೀರು ಕೊಂಡಿಟ್ಟುಕೊಳ್ಳಿ. ರಾತ್ರಿ ಹನ್ನೊಂದರ ಹತ್ತಿರ ಆಟ ಮುಗಿಯುವ ಕಡೆ ಕೊನೆಯ ಮೆಟ್ರೋ ಎಷ್ಟು ಹೊತ್ತಿಗೆ ಅಂತ ಹಿಂದಿನ ದಿನವೇ ನಿಲ್ದಾಣಕ್ಕೆ ಹೋಗಿ ಕೇಳಿ ಬನ್ನಿ. ಅದು ಸಿಗದಿದ್ದರೆ ಎಲ್ಲಿ ಸೇರಬೇಕು ಅಂತ ಗುಂಪಿನಲ್ಲಿ ಮೊದಲೇ ಮಾತಾಡಿಕೊಳ್ಳಿ. ನಲವತ್ತು ಸಾವಿರ ಜನ ಒಂದೇ ಸಲ ಫೋನ್ ತೆಗೆದಾಗ ನೆಟ್‌ವರ್ಕ್ ಸಿಗುವುದಿಲ್ಲ. ವಾಪಸ್ ವಿಮಾನ ಮರುದಿನ ಮಧ್ಯಾಹ್ನದ ಮೇಲಿನದೇ ಇರಲಿ.