ಟಿ ಶರ್ಟ್ ಮೇಲಿನ ಡಿಸೈನ್ ಎದ್ದು ಬರದಂತೆ ನಾನು ಮಾಡುವ ರೀತಿ

ಹೀಟ್ ಟ್ರಾನ್ಸ್‌ಫರ್, ಅಂದರೆ ಶಾಖ ಕೊಟ್ಟು ಒತ್ತಿ ಬಟ್ಟೆಗೆ ಡಿಸೈನ್ ಅಂಟಿಸುವ ಕೆಲಸ, ಶುರು ಮಾಡುವವರೆಲ್ಲ ಮೊದಲು ಕೇಳುವುದು ಒಂದೇ, ಎಷ್ಟು ಡಿಗ್ರಿ, ಎಷ್ಟು ಸೆಕೆಂಡ್? ಅದು ವಿನೈಲ್ (ಡಿಸೈನ್ ಕತ್ತರಿಸಿಕೊಳ್ಳುವ, ಹಿಂದೆ ಅಂಟಿರುವ ತೆಳು ಪ್ಲಾಸ್ಟಿಕ್ ಹಾಳೆ) ಜೊತೆ ಬರುವ ಚೀಟಿಯಲ್ಲೇ ಇರುತ್ತದೆ. ಡಿಸೈನ್ ಬಾಳಿಕೆ ಬರುತ್ತದೋ ಇಲ್ಲವೋ ಅನ್ನುವುದು ನನ್ನ ಅನುಭವದಲ್ಲಿ ಒತ್ತಡ ಮತ್ತು ಬಟ್ಟೆಯ ತೇವದ ಮೇಲೆ ನಿಂತಿದೆ.

ಅದಕ್ಕೂ ಮೊದಲು ಅಳತೆ. ಮೇಜಿನ ಮೇಲೆ ಹರಡಿದ ಶರ್ಟ್ ನೋಡಿ ಅಳತೆ ತೀರ್ಮಾನಿಸಬೇಡಿ. ಅಲ್ಲಿ ಕಾಣುವ ಅಗಲದಲ್ಲಿ ಒಂದಷ್ಟು ಭಾಗ, ಹಾಕಿಕೊಂಡಾಗ ಪಕ್ಕೆಗೆ ತಿರುಗಿಕೊಳ್ಳುತ್ತದೆ ಅಲ್ವಾ? ದೊಡ್ಡವರ ಶರ್ಟ್‌ನ ಮುಂಭಾಗಕ್ಕೆ ನಾನು 10ರಿಂದ 11 ಇಂಚು ಅಗಲ ಇಡುತ್ತೇನೆ, ಎಕ್ಸ್‌ಎಲ್ ಮೇಲ್ಪಟ್ಟರೆ 12. ಮಕ್ಕಳಿಗೆ 6ರಿಂದ 8 ಸಾಕು. ಎಡ ಎದೆಯ ಲೋಗೋ 4 ಇಂಚು ದಾಟಬಾರದು. ದುಂಡಗಿನ ಅಥವಾ ಚೌಕದ ಡಿಸೈನ್ ಆದರೆ ಇನ್ನೂ ಒಂದೆರಡು ಇಂಚು ಇಳಿಸಿ, ಇಲ್ಲದಿದ್ದರೆ ಅದು ಹೊಟ್ಟೆಯವರೆಗೆ ಇಳಿಯುತ್ತದೆ. ಅನುಮಾನ ಇದ್ದರೆ ಅದೇ ಅಳತೆಯಲ್ಲಿ ಸಾದಾ ಕಾಗದದ ಮೇಲೆ ಪ್ರಿಂಟ್ ತೆಗೆದು, ಕತ್ತರಿಸಿ, ಶರ್ಟ್ ಹಾಕಿಕೊಂಡವರ ಎದೆಗೆ ಟೇಪ್ ಹಚ್ಚಿ ನೋಡಿ. ಕಾಲರ್ ಹೊಲಿಗೆಯಿಂದ ನಾಲ್ಕು ಬೆರಳು ಕೆಳಗೆ, ಅಂದರೆ ಸುಮಾರು 3 ಇಂಚು ಬಿಟ್ಟು ಡಿಸೈನ್ ಶುರುವಾಗಲಿ. ನಡುವನ್ನು ಹುಡುಕಲು ಶರ್ಟನ್ನು ಉದ್ದಕ್ಕೆ ಮಡಚಿ ಒಮ್ಮೆ ಒತ್ತಿದರೆ ಗೆರೆ ಮೂಡುತ್ತದೆ, ಬೇರೆ ಸ್ಕೇಲ್ ಬೇಡ.

ವಿನೈಲ್ ಕತ್ತರಿಸುವಾಗ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಲೇಬೇಕು. ಡಿಟಿಎಫ್ ಶೀಟ್, ಅಂದರೆ ಡಿಸೈನ್ ಮೊದಲೇ ಫಿಲ್ಮ್ ಮೇಲೆ ಪ್ರಿಂಟ್ ಆಗಿ ಬರುವ ಹಾಳೆ, ತರಿಸಿದರೆ ಆ ಚಿಂತೆಯಿಲ್ಲ.

ಇನ್ನು ಒತ್ತುವುದು. ಡಿಸೈನ್ ಇಡುವ ಮೊದಲು ಬರಿ ಶರ್ಟನ್ನೇ ಹೀಟ್ ಪ್ರೆಸ್‌ನಲ್ಲಿ (ಬಿಸಿ ಪ್ಲೇಟಿನಿಂದ ಬಟ್ಟೆಯನ್ನು ಒತ್ತುವ ಯಂತ್ರ) 5 ಸೆಕೆಂಡ್ ಒತ್ತಿ. ಒಣಗಿದೆ ಅಂದುಕೊಂಡ ಹತ್ತಿ ಬಟ್ಟೆಯಿಂದಲೂ ತೆಳ್ಳಗೆ ಹಬೆ ಏಳುತ್ತದೆ, ಆ ತೇವ ಒಳಗೇ ಉಳಿದರೆ ಅಂಟು ನೂಲಿನೊಳಗೆ ಇಳಿಯುವುದಿಲ್ಲ. ಸಾಮಾನ್ಯ ವಿನೈಲ್‌ಗೆ ಹತ್ತಿಯ ಮೇಲೆ 150-155 ಡಿಗ್ರಿ ಸೆಲ್ಸಿಯಸ್, 15 ಸೆಕೆಂಡ್ ಆಸುಪಾಸು. ಪಾಲಿಯೆಸ್ಟರ್‌ಗೆ ಅಷ್ಟು ಶಾಖ ಕೊಟ್ಟರೆ ಬಟ್ಟೆಯ ಬಣ್ಣವೇ ಮೇಲಕ್ಕೆ ಬಂದು, ಕೆಂಪು ಜೆರ್ಸಿಯ ಮೇಲಿನ ಬಿಳಿ ನಂಬರ್ ಗುಲಾಬಿಯಾಗಿಬಿಡುತ್ತದೆ. ಅದಕ್ಕೆ ಕಡಿಮೆ ಶಾಖದಲ್ಲಿ ಹಿಡಿಯುವ ವಿನೈಲ್ ಬೇರೆಯೇ ಸಿಗುತ್ತದೆ, ಅದನ್ನೇ ತಗೊಳ್ಳಿ.

ಒತ್ತಡದ ವಿಷಯದಲ್ಲಿ ದಪ್ಪ ಹೊಲಿಗೆ, ಜೇಬು, ಗುಂಡಿ, ಜಿಪ್ ಇವೇ ಶತ್ರುಗಳು. ಇವು ಪ್ಲೇಟನ್ನು ಎತ್ತಿ ಹಿಡಿಯುತ್ತವೆ, ಪಕ್ಕದ ಜಾಗಕ್ಕೆ ಒತ್ತಡವೇ ಸಿಗುವುದಿಲ್ಲ, ಮುಂದೆ ಅಲ್ಲಿಂದಲೇ ಅಂಚು ಏಳುತ್ತದೆ. ಶರ್ಟ್ ಒಳಗೆ, ಡಿಸೈನ್ ಬರುವ ಜಾಗದ ಕೆಳಗೆ ಮಾತ್ರ, ಶಾಖ ತಾಳುವ ಸಣ್ಣ ದಿಂಬು ಇಟ್ಟರೆ ಆ ಜಾಗ ಹೊಲಿಗೆಗಿಂತ ಮೇಲೆ ಬರುತ್ತದೆ. ಹೀಟ್ ಪ್ರೆಸ್ ಇಲ್ಲದೆ ಇಸ್ತ್ರಿ ಪೆಟ್ಟಿಗೆಯಲ್ಲಿ ಮಾಡುವವರು ಹಬೆ ಬಂದ್ ಮಾಡಿ, ಮೆತ್ತಗಿನ ಇಸ್ತ್ರಿ ಬೋರ್ಡ್ ಬಿಟ್ಟು ಗಟ್ಟಿ ಮೇಜಿನ ಮೇಲೆ ಒಂದು ತೆಳು ಬಟ್ಟೆ ಹಾಸಿ, ಉಜ್ಜದೆ ಒಂದೊಂದು ಕಡೆ ಮೈಭಾರ ಹಾಕಿ ಒತ್ತಬೇಕು. ಹಬೆ ತೂತುಗಳ ಕೆಳಗೆ ಶಾಖ ಕಡಿಮೆ, ಹಾಗಾಗಿ ಪೆಟ್ಟಿಗೆಯನ್ನು ಎತ್ತಿ ಸ್ವಲ್ಪ ಜರುಗಿಸಿ ಮತ್ತೊಮ್ಮೆ ಒತ್ತಿ.

ವಿನೈಲ್ ಮೇಲಿನ ಪಾರದರ್ಶಕ ಫಿಲ್ಮ್ ಬಿಸಿಯಲ್ಲೇ ಸುಲಿಯಬೇಕೋ ತಣ್ಣಗಾದ ಮೇಲೋ, ಅದೂ ಚೀಟಿಯಲ್ಲಿರುತ್ತದೆ. ಸುಲಿಯುವಾಗ ಮೂಲೆ ಫಿಲ್ಮ್ ಜೊತೆ ಎದ್ದರೆ ಎಳೆಯಬೇಡಿ, ಹಾಗೇ ಮಲಗಿಸಿ ಮತ್ತೆ ಒತ್ತಿ. ನಾನು ನೋಡುವ ಗುರುತು ಏನೆಂದರೆ, ತೆಳು ವಿನೈಲ್ ಚೆನ್ನಾಗಿ ಹಿಡಿದಿದ್ದರೆ ಅದರ ಮೇಲೆ ಬಟ್ಟೆಯ ನೇಯ್ಗೆ ಸಣ್ಣಗೆ ಮೂಡಿರುತ್ತದೆ. ಪ್ಲಾಸ್ಟಿಕ್ ಹಾಗೆ ನುಣ್ಣಗೆ ಹೊಳೆಯುತ್ತಿದ್ದರೆ ಇನ್ನೂ ಹಿಡಿದಿಲ್ಲ. ಮೇಲೆ ಟೆಫ್ಲಾನ್ ಶೀಟ್ (ಶಾಖ ತಾಳುವ, ಅಂಟಿಕೊಳ್ಳದ ಹಾಳೆ) ಹಾಕಿ ಇನ್ನೊಂದು 5 ಸೆಕೆಂಡ್ ಕೊಡಿ.

ಒಗೆಯುವುದಕ್ಕೆ ಒಂದು ದಿನ ಕಾಯಿರಿ. ಆಮೇಲೆ ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ. ಬ್ರಷ್, ಬ್ಲೀಚ್ ಬೇಡ, ಜೋರಾಗಿ ಹಿಂಡುವುದೂ ಬೇಡ. ಫ್ಯಾಬ್ರಿಕ್ ಸಾಫ್ಟ್‌ನರ್ ಅಂತೂ ಬೇಡವೇ ಬೇಡ, ಅದು ಅಂಟನ್ನು ಸಡಿಲ ಮಾಡುತ್ತದೆ. ನೆರಳಲ್ಲಿ ಒಣಗಿಸಿ, ಇಸ್ತ್ರಿ ಒಳಮೈ ಕಡೆಯಿಂದ ಮಾತ್ರ. ಇಷ್ಟಾದರೂ ಅಂಚು ಎದ್ದರೆ ಕತ್ತರಿಸಿ ಹಾಕಬೇಡಿ. ಶರ್ಟ್ ಒಗೆದು ಪೂರ್ತಿ ಒಣಗಿದ ಮೇಲೆ ಟೆಫ್ಲಾನ್ ಶೀಟ್ ಮುಚ್ಚಿ ಮೊದಲಿನ ಶಾಖದಲ್ಲೇ 10 ಸೆಕೆಂಡ್ ಒತ್ತಿ, ಅಂಟು ಉಳಿದಿದ್ದರೆ ಮತ್ತೆ ಹಿಡಿಯುತ್ತದೆ.