ಪುಡಿಯಾಗುವ ಆರನೇ ವರ್ಷದ ದವಡೆ ಹಲ್ಲಿಗೆ ಡ್ರಿಲ್ ಇಲ್ಲದ ಫಿಲ್ಲಿಂಗ್

ಆರನೇ ವರ್ಷದ ಆಸುಪಾಸಿನಲ್ಲಿ, ಯಾವ ಹಾಲುಹಲ್ಲೂ ಬೀಳದೆ, ಸಾಲಿನ ಹಿಂದೆ ಹುಟ್ಟುವ ದವಡೆ ಹಲ್ಲನ್ನು ಮನೆಯವರು ಹಾಲುಹಲ್ಲೆಂದೇ ನಂಬಿರುತ್ತಾರೆ. ದಂತವೈದ್ಯರಾದ ನೀವು ಅದು ಶಾಶ್ವತ ಹಲ್ಲು ಎಂದು ಅವರಿಗೆ ಮೊದಲೇ ಹೇಳಿಬಿಡಿ.

ಕೆಲವು ಮಕ್ಕಳಿಗೆ ಈ ಹಲ್ಲಿನ ಎನಾಮೆಲ್‌ನಲ್ಲಿ (ಹೊರಗಿನ ಗಟ್ಟಿ ಪದರದಲ್ಲಿ) ಖನಿಜ ಕಡಿಮೆ, ಪ್ರೋಟೀನ್ ಹೆಚ್ಚು. 2001ರಿಂದ ಇದಕ್ಕೆ ಎಂಐಎಚ್ (ಮೋಲಾರ್ ಇನ್ಸೈಸರ್ ಹೈಪೋಮಿನರಲೈಸೇಷನ್, ಅಂದರೆ ದವಡೆ ಹಲ್ಲು ಮತ್ತು ಬಾಚಿಹಲ್ಲುಗಳ ಖನಿಜದ ಕೊರತೆ) ಎನ್ನುತ್ತಾರೆ. ಅಂಚು ಸ್ಪಷ್ಟವಾಗಿರುವ ಬಿಳಿ, ಕೆನೆ ಅಥವಾ ಹಳದಿ-ಕಂದು ಮಚ್ಚೆಗಳು ಕಾಣುತ್ತವೆ. ಬಣ್ಣ ಗಾಢವಾದಷ್ಟೂ ಎನಾಮೆಲ್ ಮೆತ್ತಗೆ. ಕೋಲಾರ, ಪಾವಗಡದಂಥ ಫ್ಲೋರೈಡ್ ನೀರಿನ ಕಡೆ ಇದನ್ನು ಫ್ಲೋರೋಸಿಸ್ (ಹೆಚ್ಚು ಫ್ಲೋರೈಡ್‌ನಿಂದಾಗುವ ಹಲ್ಲಿನ ಕಲೆ) ಎಂದುಕೊಳ್ಳಬೇಡಿ. ಫ್ಲೋರೋಸಿಸ್‌ನ ಮಸುಕು ಅಂಚಿಲ್ಲದೆ ಹರಡಿ, ಎರಡೂ ಬದಿಯ ಹಲ್ಲುಗಳಲ್ಲಿ ಒಂದೇ ತೆರನಾಗಿರುತ್ತದೆ.

ರಾತ್ರಿ ತಾನಾಗಿ ನೋವು, ಊತ ಅಥವಾ ಕೀವು ಇದ್ದರೆ, ಡ್ರಿಲ್ ಇಲ್ಲದೆ ಕೈ ಉಪಕರಣದಿಂದ ಕೆರೆದು ತುಂಬುವ ಈ ವಿಧಾನ ಬೇಡ. ಎಕ್ಸ್‌ರೇ ತೆಗೆದು ಬೇರೆ ದಾರಿ ನೋಡಿ.

ಗಾಳಿ ಊದಬೇಡಿ. ಈ ಹಲ್ಲು ಗಾಳಿಗೇ ಜುಮ್ಮೆನ್ನುತ್ತದೆ, ಮಗು ಆಮೇಲೆ ಬಾಯಿ ತೆರೆಯುವುದಿಲ್ಲ. ಹತ್ತಿ ರೋಲ್ ಇಟ್ಟು, ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಸ್ಪೂನ್ ಎಕ್ಸ್‌ಕವೇಟರ್‌ನಿಂದ (ಚಮಚದ ತುದಿಯ ಕೈ ಉಪಕರಣದಿಂದ) ಪುಡಿಯಾಗುವ ಎನಾಮೆಲ್ ಮತ್ತು ಮೆತ್ತಗಿನ ಹುಳುಕನ್ನಷ್ಟೇ ಕೆರೆಯಿರಿ. ಸುತ್ತಲ ಅಂಚು ಗಟ್ಟಿಯಾಗಿರಲಿ. ನರದ ಹತ್ತಿರ ತುಸು ಮೆತ್ತಗಿನ ಡೆಂಟಿನ್ (ಎನಾಮೆಲ್ ಒಳಗಿನ ಪದರ) ಉಳಿದರೂ ಸರಿ. ಬಣ್ಣಗೆಟ್ಟದ್ದನ್ನೆಲ್ಲ ತೆಗೆಯಲು ಹೊರಟರೆ ಹಲ್ಲೇ ಉಳಿಯದು. ಕೈ ಉಪಕರಣಕ್ಕೆ ಜಗ್ಗದ ಎನಾಮೆಲ್ ಕಂದಾಗಿದ್ದರೂ ಇರಲಿ.

ಬಳಿಕ, ಫಿಲ್ಲಿಂಗ್ ಚೆನ್ನಾಗಿ ಅಂಟಲು, 10% ಪಾಲಿಅಕ್ರಿಲಿಕ್ ಆಮ್ಲವನ್ನು 20 ಸೆಕೆಂಡ್ ಹಚ್ಚಿ, ತೊಳೆದು, ಹತ್ತಿಯಿಂದ ಒತ್ತಿ ತೆಗೆಯಿರಿ. ಹೊಳಪು ಉಳಿಯುವಷ್ಟು ತೇವವಿರಲಿ, ಪೂರ್ತಿ ಒಣಗಿಸಬೇಡಿ. ತುಂಬುವ ಸಿಮೆಂಟ್ ಗ್ಲಾಸ್ ಅಯಾನೊಮರ್. ಅದು ಹೆಚ್ಚು ಗಟ್ಟಿ ಬಗೆಯದೇ ಬೇಕು. ಕೈಯಲ್ಲಿ ಕಲಸುವ ಫ್ಯೂಜಿ 9 ಎಂಬ ಬ್ರಾಂಡಿಗೆ ಒಂದು ಮಟ್ಟದ ಚಮಚ ಪುಡಿಗೆ ಒಂದು ಹನಿ ದ್ರವ. ಹನಿಯಲ್ಲಿ ಗುಳ್ಳೆ ಬಂದರೆ ಅಳತೆ ಕೆಡುತ್ತದೆ. ಅಂಥ ಹನಿ ಬಿಸಾಡಿ, ಬಾಟಲಿಯನ್ನು ನೆಟ್ಟಗೆ ತಲೆಕೆಳಗು ಹಿಡಿದು ಇನ್ನೊಂದು ಹನಿ ಬಿಡಿ. ಅರ್ಧ ನಿಮಿಷದೊಳಗೆ ಕಲಸಿ ಮುಗಿಸಿ. ಕಲಬುರಗಿಯ ಬೇಸಿಗೆಯಲ್ಲಿ ಇನ್ನೂ ಬೇಗ ಗಟ್ಟಿಯಾಗುತ್ತದೆ, ತಂಪು ಗಾಜಿನ ಹಲಗೆ ಬಳಸಿ. ಅದರ ಮೇಲೆ ನೀರಹನಿ ಮೂಡಬಾರದು.

ಹೊಳಪು ಹೋದ ಮಿಶ್ರಣವನ್ನು ಎಸೆಯಿರಿ. ಆಮ್ಲ ಆಗಲೇ ಪುಡಿಯೊಂದಿಗೆ ಕೂಡಿಕೊಂಡಿರುತ್ತದೆ, ಹಲ್ಲಿಗೆ ಅಂಟದು. ಹೊಳಪಿರುವಾಗಲೇ ಮಿಶ್ರಣವನ್ನು ತುಂಬಿ, ವ್ಯಾಸಲೀನ್ ಹಚ್ಚಿದ ಗ್ಲೌಸ್ ಬೆರಳಿನಿಂದ ಒತ್ತಿ. ಪಕ್ಕದ ಗೆರೆಗಳಿಗೂ ಇಳಿಯುತ್ತದೆ. ತಕ್ಷಣ ಹೆಚ್ಚಿದ್ದನ್ನು ತೆಗೆದು, ಕಚ್ಚಿಸಿ ಎತ್ತರ ನೋಡಿ. ಎತ್ತರ ಉಳಿದರೆ ಮುರಿಯುವುದು ಖಂಡಿತ. ಮತ್ತೆ ವ್ಯಾಸಲೀನ್ ಹಚ್ಚಿ: ಗಟ್ಟಿಯಾಗುವಾಗ ಜೊಲ್ಲು ತಾಕಿದರೆ ಮೇಲ್ಮೈ ಸವೆಯುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಒಂದು ಗಂಟೆ ಏನೂ ತಿನ್ನಬಾರದು.

ಮೂರು ತಿಂಗಳಿಗೊಮ್ಮೆ ಅಂಚು ನೋಡಿ. ಫಿಲ್ಲಿಂಗ್ ನೆಟ್ಟಗಿದ್ದು ಪಕ್ಕದ ಎನಾಮೆಲ್ ಉದುರುವುದೇ ಹೆಚ್ಚು. ಅಲ್ಲಿ ಹೊಸದನ್ನು ಸೇರಿಸಿದರೆ ಸಾಕು. ಹಲ್ಲಿನ ಉಬ್ಬುಗಳೇ ಹೋಗಿದ್ದರೆ ಅಯಾನೊಮರ್ ಬಾಳದು. ಆಗ ಸ್ಟೀಲ್ ಕ್ಯಾಪ್ ಹಾಕಿ. ಅದಕ್ಕೂ ಹಲ್ಲು ನಿಲ್ಲದು ಎನಿಸಿದರೆ, 8ರಿಂದ 10 ವರ್ಷದೊಳಗೇ ಆರ್ಥೊಡಾಂಟಿಸ್ಟ್‌ಗೆ (ಹಲ್ಲಿನ ಸಾಲು ಸರಿಪಡಿಸುವ ತಜ್ಞರಿಗೆ) ತೋರಿಸಿ. ಆ ವಯಸ್ಸಿನಲ್ಲಿ ಕಿತ್ತರೆ ಹಿಂದಿನ ದವಡೆ ಹಲ್ಲು ಮುಂದೆ ಬಂದು ಆ ಜಾಗ ತುಂಬುವ ಸಾಧ್ಯತೆ ಹೆಚ್ಚು.